ಬಾಡಿಗೆ ಫ್ಲ್ಯಾಟು, ‘ಸಾಕುಪ್ರಾಣಿ ಬೇಡ’ ಎಂಬ ಕರಾರು, ಜೊತೆಗೊಂದು ಬೆಕ್ಕು

ಕೇಳಿದವರು:
ಮುಂದಿನ ತಿಂಗಳು ಐದನೇ ಮಹಡಿಯ ಫ್ಲ್ಯಾಟಿಗೆ ಹೋಗುವವಳಿದ್ದೇನೆ. ಮನೆ ಹಿಡಿಸಿದೆ, ಕರಾರುಪತ್ರದ ಒಂದು ಸಾಲು ಹಿಡಿಸಿಲ್ಲ: ‘ಸಾಕುಪ್ರಾಣಿಗಳಿಗೆ ಅವಕಾಶವಿಲ್ಲ’. ನನ್ನದು ಮೂರು ವರ್ಷದ ಗಂಡು ಬೆಕ್ಕು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಈಗಿರುವುದು ನೆಲಮಹಡಿಯ ಮನೆ, ಆಗಾಗ ಹಿತ್ತಿಲಿಗೆ ಹೋಗಿ ಬರುತ್ತದೆ. ಇನ್ನು ಮುಂದೆ ಒಳಗೇ ಇರಬೇಕು. ‘ಬೆಕ್ಕು ತಾನೇ, ಸುಮ್ಮನೆ ಇಟ್ಟುಕೊಳ್ಳಿ, ಯಾರೂ ಕೇಳುವುದಿಲ್ಲ’ ಎನ್ನುತ್ತಾರೆ ದಲ್ಲಾಳಿ. ಇಂಥ ಮನೆಗಳಲ್ಲಿ ಬೆಕ್ಕು ಸಾಕಿದವರು ಹೇಗೆ ನಿಭಾಯಿಸಿದಿರಿ? ಮಾಲೀಕರ ಜೊತೆಗಿನ ಮಾತು, ವಾಸನೆ, ಕಿಟಕಿ, ಬೆಕ್ಕಿನ ಬೇಸರ, ಯಾವುದರ ಬಗ್ಗೆಯಾದರೂ ಸರಿ, ಗೊತ್ತಿರುವುದನ್ನು ಹೇಳಿ.

ಹಲವು ಬಾಡಿಗೆ ಮನೆಗಳನ್ನು ಕಂಡವರು:
ದಲ್ಲಾಳಿಯ ಮಾತು ಬಿಡಿ. ನಿಮ್ಮ ಸಹಿ ಬಿದ್ದ ದಿನವೇ ಅವರ ಕೆಲಸ ಮುಗಿಯುತ್ತದೆ. ನಲ್ಲಿ ರಿಪೇರಿಗೆ ಬಂದವರು ಬೆಕ್ಕನ್ನು ಕಂಡು ಮಾಲೀಕರ ಕಿವಿಗೆ ಹಾಕಿದ ದಿನ ಅವರು ಫೋನ್ ಎತ್ತುವುದಿಲ್ಲ. ಅಲ್ಲದೆ ಬೆಕ್ಕು ಬಚ್ಚಿಡುವ ಪ್ರಾಣಿಯೇ ಅಲ್ಲ. ಹಗಲೆಲ್ಲ ಕಿಟಕಿಯ ಅಂಚಿನಲ್ಲಿ ಕುಳಿತು ಬೀದಿ ನೋಡುವುದೇ ಅದರ ಉದ್ಯೋಗ. ಅದಕ್ಕೆ ಬೀದಿ ಕಂಡರೆ ಬೀದಿಗೂ ಅದು ಕಾಣುತ್ತದೆ.

ಸಹಿ ಹಾಕುವ ಮೊದಲೇ ಮಾಲೀಕರೊಂದಿಗೆ ನೇರವಾಗಿ ಮಾತನಾಡಿ. ‘ಸಾಕುಪ್ರಾಣಿ ಇಟ್ಟುಕೊಳ್ಳಬಹುದೇ’ ಎಂದು ಕೇಳಿದರೆ ಅವರ ಕಣ್ಣ ಮುಂದೆ ಬೊಗಳುವ ನಾಯಿ ಬಂದು ನಿಲ್ಲುತ್ತದೆ, ಇಲ್ಲ ಎಂದುಬಿಡುತ್ತಾರೆ. ‘ಶಸ್ತ್ರಚಿಕಿತ್ಸೆ ಆಗಿರುವ, ಹೊರಗೆ ಬಿಡದ ಒಂದೇ ಒಂದು ಬೆಕ್ಕು’ ಎಂದು ಕೇಳಿ. ಲಸಿಕೆಯ ಪುಸ್ತಕ, ಶಸ್ತ್ರಚಿಕಿತ್ಸೆಯ ಚೀಟಿ, ಈಗಿನ ಮಾಲೀಕರಿಂದ ‘ನಮ್ಮ ಮನೆಗೆ ಹಾನಿಯಾಗಿಲ್ಲ’ ಎಂಬ ನಾಲ್ಕು ಸಾಲಿನ ಪತ್ರ ಕೈಯಲ್ಲಿರಲಿ. ನನ್ನ ಅನುಭವದಲ್ಲಿ ಬಾಗಿಲು ತೆರೆಸಿದ್ದು ಆ ಪತ್ರವೇ. ಈಗಿನ ಮನೆಗೆ ಬಂದು ನೋಡಿ ಎಂದು ಕರೆಯಿರಿ. ಬರುವವರು ಕಡಿಮೆ, ಆದರೆ ಕರೆದಿದ್ದಕ್ಕೇ ಅರ್ಧ ನಂಬಿಕೆ ಹುಟ್ಟುತ್ತದೆ.

ಒಪ್ಪಿದರೆ ಬರಹದಲ್ಲಿ ಪಡೆಯಿರಿ. ಮನೆ ಮಾರಾಟವಾದರೆ ಬಾಯಿಮಾತು ಹೊಸ ಮಾಲೀಕರಿಗೆ ಅನ್ವಯಿಸದು. ‘ಈ ಒಂದು ಬೆಕ್ಕಿಗೆ ಮೇಲಿನ ನಿಬಂಧನೆಯಿಂದ ವಿನಾಯಿತಿ ಇದೆ’ ಎಂದು ಕರಾರಿನ ಕೆಳಗೆ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ನಿಷೇಧ ಯಾರದ್ದು ಎಂಬುದನ್ನೂ ವಿಚಾರಿಸಿ. ಕೆಲವು ಕಡೆ ಮಾಲೀಕರಿಗೆ ಅಡ್ಡಿಯಿರುವುದಿಲ್ಲ, ಕಟ್ಟಡದ ಸಂಘದ ನಿಯಮ ಇರುತ್ತದೆ. ಮಾಲೀಕರು ಹೂಂ ಎಂದರೆ ಸಂಘವೂ ಹೂಂ ಎಂದಂತೆ ಅಲ್ಲ.

ಹೇಳದೆಯೇ ಸಾಕಿದವರು:
ಇಷ್ಟೆಲ್ಲ ಶಾಸ್ತ್ರ ಬೇಕೇ? ನಾನು ಯಾರಿಗೂ ಹೇಳಲಿಲ್ಲ. ಮಾಲೀಕರು ದೂರದ ಊರಿನಲ್ಲಿದ್ದರು, ನೆರೆಯವರು ಒಳ್ಳೆಯವರು, ನನ್ನ ಬೆಕ್ಕಿಗೆ ಬಾಯಿಯೇ ಇರಲಿಲ್ಲ. ಕೇಳಿದ್ದರೆ ಖಂಡಿತ ಬೇಡ ಎನ್ನುತ್ತಿದ್ದರು. ಮನೆ ಬಿಡುವಾಗ ಠೇವಣಿ ಪೂರ್ತಿ ವಾಪಸು ಬಂತು.

ಪಶುಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿರುವವರು:
ನಿಮ್ಮ ಅದೃಷ್ಟ ಗಟ್ಟಿಯಾಗಿತ್ತು, ಸಂತೋಷ. ನನ್ನ ತಕರಾರು ಕರಾರಿನದ್ದಲ್ಲ, ಬೆಕ್ಕಿನದ್ದು. ಬೆಕ್ಕಿದೆ ಎಂದು ಯಾರಿಗೂ ಗೊತ್ತಿಲ್ಲದ ಮನೆಗೆ ಜಿರಲೆ ಔಷಧ ಹೊಡೆಯುವವರು ನೀವು ಕೆಲಸಕ್ಕೆ ಹೋದಾಗ ಬರುತ್ತಾರೆ. ಇಂಥ ಸಿಂಪಡಣೆಗಳಲ್ಲಿ ಪರ್ಮೆಥ್ರಿನ್‌ನಂಥ ರಾಸಾಯನಿಕಗಳು ಸಾಮಾನ್ಯ. ನಾಯಿಯ ದೇಹ ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರಾ ಕಡಿಮೆ. ಕಿವಿ ಅದುರುವುದು, ಮೈ ನಡುಗುವುದು, ಆಮೇಲೆ ಸೆಳವು. ನಾಯಿಗೆಂದು ಮಾರುವ, ಇದೇ ರಾಸಾಯನಿಕ ಇರುವ ಚಿಗಟದ ಔಷಧದ ಹನಿಯನ್ನು ಬೆಕ್ಕಿನ ಕತ್ತಿಗೆ ಹಾಕಿ ಓಡಿಬರುವವರನ್ನು ಈಗಲೂ ನೋಡುತ್ತೇನೆ. ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡರೂ ಇದೇ ಪಾಡು: ‘ಒಳಗೆ ಬೆಕ್ಕಿದೆ’ ಎಂದು ಬಾಗಿಲಿಗೆ ಚೀಟಿ ಅಂಟಿಸುವ ಧೈರ್ಯ ಬಚ್ಚಿಟ್ಟವರಿಗೆ ಇರುವುದಿಲ್ಲ.

ಹೊಸ ಮನೆಗೆ ಹೂಗುಚ್ಛ ತರುವ ಸ್ನೇಹಿತರಿಗೂ ಹೇಳಿಡಿ, ಲಿಲ್ಲಿ ಬೇಡ. ಮೈಗೆ ಮೆತ್ತಿದ ಅದರ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೈಕೊಡಬಹುದು.

ಮನೆಗಳನ್ನು ಬಾಡಿಗೆಗೆ ಕೊಡುವವರು:
ಆಚೆ ಬದಿಯಿಂದ ಎರಡು ಮಾತು. ನಮಗೆ ಬೆಕ್ಕಿನ ಭಯವಿಲ್ಲ, ಮೂತ್ರದ ಭಯ. ಒಮ್ಮೆ ಒಂದು ಮನೆ ಖಾಲಿಯಾದಾಗ ಕಣ್ಣಿಗೆ ಏನೂ ಕಾಣಲಿಲ್ಲ, ನೆಲ ಹೊಳೆಯುತ್ತಿತ್ತು. ಹವೆಯಲ್ಲಿ ತೇವ ಏರಿದೊಡನೆ ಮಲಗುವ ಕೋಣೆಯ ಮೂಲೆಯಿಂದ ಮೂಗು ಮುಚ್ಚಿಕೊಳ್ಳುವಂಥ ಘಾಟು. ಗೋಡೆಯ ಬುಡದ ಮರದ ಅಂಚುಪಟ್ಟಿ ಕಿತ್ತು ನೋಡಿದರೆ ಹಿಂದಿನ ಗಾರೆ ಹಳದಿಗಟ್ಟಿತ್ತು. ಬೆಕ್ಕಿನ ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒರೆಸಿದರೂ ಉಳಿದು, ತೇವ ಸಿಕ್ಕಾಗ ಮತ್ತೆ ನಾರುತ್ತವೆ. ಅದಕ್ಕೆ ಕಿಣ್ವ ಇರುವ ಕ್ಲೀನರ್ ಬೇಕು. ಅಮೋನಿಯಾ ಇರುವ ದ್ರಾವಣದಲ್ಲಿ ಒರೆಸಿದರಂತೂ ಅಲ್ಲೇ ಮತ್ತೆ ಹೊಯ್ಯಲು ಕರೆದಂತೆ, ಏಕೆಂದರೆ ಬೆಕ್ಕಿನ ಮೂಗಿಗೆ ಅದೂ ಮೂತ್ರದ ವಾಸನೆಯೇ.

ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ಶಸ್ತ್ರಚಿಕಿತ್ಸೆಯದು. ಶಸ್ತ್ರಚಿಕಿತ್ಸೆಯಾಗದ ಗಂಡು ಬೆಕ್ಕು ಗೋಡೆಗೆ ಬಾಲ ಎತ್ತಿ ಸಿಂಪಡಿಸುತ್ತದೆ, ಅದರ ಘಾಟೇ ಬೇರೆ. ಆಗಿದ್ದರೆ ಬಹುಪಾಲು ಬೆಕ್ಕುಗಳು ಆ ಚಾಳಿ ಬಿಡುತ್ತವೆ. ಮೂರು ತಿಂಗಳಿಗೊಮ್ಮೆ ಮನೆ ನೋಡಲು ನನಗೆ ಅವಕಾಶ ಕೊಡುತ್ತೇನೆ ಎನ್ನುವ ಬಾಡಿಗೆದಾರರಿಗೆ ನಾನು ಇಲ್ಲ ಎನ್ನುವುದಿಲ್ಲ. ಪೀಠೋಪಕರಣ ಸಮೇತ ಕೊಡುವ ಮನೆಯಾದರೆ ಮಾತ್ರ ಉಗುರು ತೆಗೆಸಿಕೊಂಡು ಬನ್ನಿ ಎನ್ನುತ್ತೇನೆ.

ಪಶುಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿರುವವರು:
ಕೊನೆಯ ವಾಕ್ಯವನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಅದು ಉಗುರು ಕತ್ತರಿಸುವುದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ಅನೇಕ ದೇಶಗಳಲ್ಲಿ ಕಾನೂನೇ ನಿಷೇಧಿಸಿದೆ. ನೋಯುವ ಪಾದಕ್ಕೆ ಮರಳು ಚುಚ್ಚಿದರೆ ಬೆಕ್ಕು ಲಿಟರ್ ಬಾಕ್ಸ್ (ಅದರ ಶೌಚಕ್ಕೆಂದು ಮರಳು ತುಂಬಿಡುವ ತಟ್ಟೆ) ಬಿಟ್ಟು ನಿಮ್ಮ ಅದೇ ಅಂಚುಪಟ್ಟಿಗೆ ಬರುತ್ತದೆ. ನಿಮಗೂ ಲಾಭವಿಲ್ಲ.

ಎರಡು ಬೆಕ್ಕು ಸಾಕಿರುವವರು:
ಉಗುರಿಗೆ ಪರಿಹಾರ ಕತ್ತಾಳೆ ಹಗ್ಗ ಸುತ್ತಿದ ಕಂಬ. ಆದರೆ ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಮೊಣಕಾಲೆತ್ತರದ್ದನ್ನು ಕೊಳ್ಳಬೇಡಿ. ಬೆಕ್ಕು ಹಿಂಗಾಲಿನ ಮೇಲೆ ನಿಂತು ಮೈಯನ್ನು ಪೂರ್ತಿ ಚಾಚಿ ಕೆರೆಯುತ್ತದೆ, 80–90 ಸೆಂಟಿಮೀಟರ್ ಎತ್ತರವಾದರೂ ಬೇಕು. ಒಮ್ಮೆ ಅಲುಗಾಡಿದರೆ ಅದರ ಹತ್ತಿರ ಮತ್ತೆ ಸುಳಿಯುವುದಿಲ್ಲ. ಕಾಣದ ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ. ಸೋಫಾದ ಯಾವ ತುದಿಯನ್ನು ಕೆರೆಯುತ್ತದೋ ಅಲ್ಲೇ ನಿಲ್ಲಿಸಿ, ಸೋಫಾಕ್ಕೆ ಕೆಲವು ವಾರ ಎರಡೂ ಬದಿ ಅಂಟುವ ಟೇಪು ಹಚ್ಚಿ.

ಲಿಟರ್ ಬಾಕ್ಸ್ ವಿಷಯದಲ್ಲಿ ಜಿಪುಣತನ ಬೇಡ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಎನ್ನುವುದು ಎಲ್ಲರೂ ಹೇಳುವ ಲೆಕ್ಕ, ನಿಮಗೆ ಎರಡು. ಉದ್ದ ಬೆಕ್ಕಿನ ಮೈಯ ಒಂದೂವರೆ ಪಟ್ಟು ಇರಲಿ, ಸುಗಂಧದ ಮರಳು ಬೇಡ, ದಿನವೂ ಬಾಚಿ ತೆಗೆಯಿರಿ. ವಾಷಿಂಗ್ ಮೆಷಿನ್ ಪಕ್ಕ ಇಡಬೇಡಿ: ಬೆಕ್ಕು ಕುಳಿತ ಹೊತ್ತಿಗೆ ಅದು ಗಡಗಡ ಎಂದರೆ ಆ ಜಾಗದ ಸಹವಾಸವೇ ಬೇಡ ಎನ್ನುತ್ತದೆ. ಉಂಡೆಗಟ್ಟುವ ಜೇಡಿಯ ಮರಳನ್ನು ಶೌಚಾಲಯಕ್ಕೆ ಸುರಿಯಬೇಡಿ, ಅದು ಕೊಳವೆಯೊಳಗೂ ಉಂಡೆಗಟ್ಟುತ್ತದೆ. ಆಮೇಲೆ ಇಡೀ ಕಟ್ಟಡಕ್ಕೇ ನಿಮ್ಮ ಬೆಕ್ಕಿನ ಪರಿಚಯವಾಗುತ್ತದೆ.

ಗಂಡು ಬೆಕ್ಕಾದ್ದರಿಂದ ಇದೊಂದು ಮುಖ್ಯ. ಮತ್ತೆ ಮತ್ತೆ ಬಾಕ್ಸಿಗೆ ಹೋಗಿ ತಿಣುಕಿ, ಮೂತ್ರದ ಹನಿಯೂ ಬರದಿದ್ದರೆ ಮಲಬದ್ಧತೆ ಎಂದುಕೊಂಡು ಕಾಯಬೇಡಿ. ಗಂಡಿನ ಮೂತ್ರನಾಳ ಕಿರಿದು, ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ನಡುರಾತ್ರಿಯಾದರೂ ಸರಿ, ಹೊರಡಿ.

ಹತ್ತನೇ ಮಹಡಿಯವರು:
ಕಿಟಕಿಗೆ ಬಲೆ. ‘ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ಇಳಿಯುತ್ತದೆ’ ಎನ್ನುವವರು ಎಲ್ಲ ಕಟ್ಟಡದಲ್ಲೂ ಒಬ್ಬರಿರುತ್ತಾರೆ. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಮಹಡಿಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು, ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದ್ದವು. ಇದನ್ನೇ ಹಿಡಿದು ವಾದಿಸುತ್ತಾರೆ. ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರು ಆಸ್ಪತ್ರೆಗೆ ಒಯ್ಯುತ್ತಾರೆ? ಅವು ಆ ಲೆಕ್ಕಕ್ಕೆ ಬಂದೇ ಇಲ್ಲ. ಬದುಕಿದವಕ್ಕೂ ಎದೆಗೆ ಪೆಟ್ಟು, ದವಡೆ ಮುರಿತ ಸಾಮಾನ್ಯ.

ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತಿದ್ದರೆ ಚೌಕಟ್ಟಿನ ನಡುವೆ ಒತ್ತಿ ನಿಲ್ಲುವ ಸ್ಪ್ರಿಂಗ್ ಸರಳುಗಳನ್ನು ನಿಲ್ಲಿಸಿ ಅವಕ್ಕೆ ಬಲೆ ಬಿಗಿಯಿರಿ. ಕಟ್ಟಿದ ಮೇಲೆ ಕೈಯಿಂದ ಜೋರಾಗಿ ತಳ್ಳಿ ನೋಡಿ. ಸರಳು ಜಾರಿದರೆ ಬೆಕ್ಕಿನ ಭಾರಕ್ಕೂ ಜಾರುತ್ತದೆ. ಸೊಳ್ಳೆ ಪರದೆಯನ್ನು ನಂಬಬೇಡಿ. ಮೇಲಿನಿಂದ ಓರೆಯಾಗಿ ತೆರೆಯುವ ಕಿಟಕಿಯ ಸಂದಿಯಲ್ಲಿ ಸಿಕ್ಕಿಕೊಂಡು ಸತ್ತ ಬೆಕ್ಕುಗಳೂ ಇವೆ.

ಎರಡು ಬೆಕ್ಕು ಸಾಕಿರುವವರು:
ಹಿತ್ತಿಲು ಕಂಡ ಬೆಕ್ಕು ಮೊದಲು ಬಾಗಿಲ ಬಳಿ ಕೂಗುತ್ತದೆ, ಅದೂ ನಸುಕಿನಲ್ಲಿ. ನಸುಕು ಮತ್ತು ಮುಸ್ಸಂಜೆ ಅದರ ಬೇಟೆಯ ಹೊತ್ತು. ನೆರೆಯವರ ದೂರು ಹುಟ್ಟುವುದೂ ಆಗಲೇ. ಕೂಗಿದಾಗ ಎದ್ದು ಊಟ ಹಾಕಿದರೆ ಕೂಗಿದರೆ ಊಟ ಬರುತ್ತದೆ ಎಂದು ಕಲಿತುಬಿಡುತ್ತದೆ. ಅದರ ಬದಲು ಮಲಗುವ ಮುಂಚೆ ಹತ್ತು–ಹದಿನೈದು ನಿಮಿಷ ಕೋಲಿಗೆ ಕಟ್ಟಿದ ಗರಿಯಿಂದ ಓಡಿಸಿ, ಕೊನೆಗೆ ಹಿಡಿಯಲು ಬಿಡಿ, ಆಮೇಲೆ ಊಟ ಕೊಡಿ. ಲೇಸರ್ ಚುಕ್ಕಿಯಲ್ಲಿ ಹಿಡಿಯಲು ಏನೂ ಸಿಗದೆ ಇನ್ನಷ್ಟು ರೇಗುತ್ತದೆ. ಗರಿಯ ಕೋಲನ್ನು ಆಟ ಮುಗಿದೊಡನೆ ಎತ್ತಿಡಿ, ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯುತ್ತದೆ.

ಮೊದಲ ದಿನಗಳಲ್ಲಿ ಒಂದೇ ಕೋಣೆ ಕೊಡಿ, ಹಳೆಯ ಹಾಸಿಗೆಯನ್ನು ಒಗೆಯದೆ ಅಲ್ಲಿಡಿ. ಮಂಚದ ಕೆಳಗಿನಿಂದ ಎಳೆಯಬೇಡಿ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಆಮೇಲೆ ಬೇಕಾಗುವುದು ಎತ್ತರ: ಕಪಾಟಿನ ತಲೆಯ ಮೇಲೆ ಜಾಗ ಖಾಲಿ ಮಾಡಿಕೊಟ್ಟರೆ ಚಿಕ್ಕ ಫ್ಲ್ಯಾಟೂ ಅದಕ್ಕೆ ದೊಡ್ಡದೇ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಸಂಘದ ನಿಯಮಾವಳಿ ತರಿಸಿ ನೋಡಿದೆ, ಅದರಲ್ಲಿರುವುದು ನಾಯಿಗಳ ಮಾತು ಮಾತ್ರ. ಮಾಲೀಕರು ವಿನಾಯಿತಿ ಬರೆದುಕೊಡಲು ಒಪ್ಪಿದ್ದಾರೆ, ಆದರೆ ಠೇವಣಿ ಸ್ವಲ್ಪ ಹೆಚ್ಚು ಕೇಳುತ್ತಿದ್ದಾರೆ. ಕೊಡಲೇ?

ಮನೆಗಳನ್ನು ಬಾಡಿಗೆಗೆ ಕೊಡುವವರು:
ಉಗುರಿನ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಠೇವಣಿ ಕೊಡಿ, ಆದರೆ ಯಾವ ಹಾನಿಗೆ ಎಷ್ಟು ಕಡಿತ ಎಂದು ಬರೆಸಿ, ಇಲ್ಲದಿದ್ದರೆ ಹಳೆಯ ಗೀರುಗಳೂ ನಿಮ್ಮ ಬೆಕ್ಕಿನ ಲೆಕ್ಕಕ್ಕೇ ಬೀಳುತ್ತವೆ. ಸಾಮಾನು ಇಳಿಸುವ ಮೊದಲು ಬಾಗಿಲು, ಕಿಟಕಿ, ಅಂಚುಪಟ್ಟಿಗಳ ಫೋಟೊ ತೆಗೆದು ನನ್ನಂಥವರಿಗೆ ಅಂದೇ ಕಳುಹಿಸಿ. ಕೈಗೆ ಸಿಕ್ಕರೆ ಅತಿನೇರಳೆ ಟಾರ್ಚ್ ಹಿಡಿದು ಕತ್ತಲಲ್ಲಿ ಒಂದು ಸುತ್ತು ಹಾಕಿ, ಹಳೆಯ ಮೂತ್ರದ ಕಲೆ ಮಿನುಗುತ್ತದೆ. ಹಿಂದಿನವರು ಗುಟ್ಟಾಗಿ ಬೆಕ್ಕು ಸಾಕಿದ್ದರೆ ನಿಮ್ಮದು ಆ ಕಲೆಯ ಮೇಲೇ ಗುರುತು ಹಾಕಲು ಹೊರಡುತ್ತದೆ. ಅದನ್ನು ಶುಚಿ ಮಾಡಿಸಿಕೊಡುವುದು ಮಾಲೀಕರ ಪಾಲಿನ ಕೆಲಸ. ಸಹಿಗೆ ಮುಂಚೆಯೇ ಕೇಳಿ.