ಅಪ್‌ಡೇಟ್: ಗೆದ್ದಲು ತಿಂದ ಲಿಂಟಲ್ ಬದಲಾಯಿತು

ಕುಮಟಾ ಬಳಿಯ ನಮ್ಮ ಹಳೆಯ ಚಿರೆಕಲ್ಲಿನ ಮನೆಯಲ್ಲಿ ನಡುಮನೆಯ ಬಾಗಿಲ ಮೇಲಿನ ಮರದ ಲಿಂಟಲ್ (ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ) ಬಾಗಿದೆ, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಎದ್ದಿದೆ, ಗೋಡೆ ಕೆಡವದೆ ಬದಲಿಸಬಹುದೇ ಎಂದು ಕೇಳಿದ್ದೆ. ಬದಲಿಸಬಹುದು. ಬದಲಿಸಿಯೂ ಆಯಿತು.

ಗಾರೆ ಕೆತ್ತಿದಾಗ ಕಣ್ಣಿಗೆ ಕಾಣುವ ಮರವೆಲ್ಲ ಗಟ್ಟಿಯಾಗಿಯೇ ಇತ್ತು. ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಮಾತ್ರ ಗೆದ್ದಲು ಪುಡಿ ಮಾಡಿತ್ತು. ಭಾರ ಕೂರುವುದೇ ಅಲ್ಲಿ.

ಗೋಡೆಯ ದಪ್ಪ ಒಂದೂವರೆ ಅಡಿ. ಹಾಗಾಗಿ ಒಂದರ ಬದಲು ಹೊರಬದಿಗೊಂದು, ಒಳಬದಿಗೊಂದು ಎಂದು ಎರಡು ಕಾಂಕ್ರೀಟ್ ಲಿಂಟಲ್‌ಗಳನ್ನು ಅಂಗಳದಲ್ಲೇ ಎರಕ ಹೊಯ್ದು, ನೀರು ಹಾಕಿ ಗಟ್ಟಿಯಾಗಲು ಬಿಟ್ಟೆವು. ಮುಖ್ಯ ಕಬ್ಬಿಣ ಅಡಿಭಾಗದಲ್ಲಿರಬೇಕಾದ್ದರಿಂದ ಮೇಸ್ತ್ರಿ ಹಸಿ ಕಾಂಕ್ರೀಟಿನ ಮೇಲೆಯೇ 'ಮೇಲೆ' ಎಂದು ಗೀಚಿದರು. ಎತ್ತುವ ಗಡಿಬಿಡಿಯಲ್ಲಿ ತಲೆಕೆಳಗಾದರೆ ಆ ಕಬ್ಬಿಣ ಇದ್ದೂ ಇಲ್ಲದಂತೆ.

ಬಾಗಿಲ ಮೇಲೆ ಗೋಡೆಗೆ ತೂತು ಕೊರೆದು ಅಡ್ಡತೊಲೆ ತೂರಿಸಿ, ಎರಡೂ ಬದಿಗೆ ಕಬ್ಬಿಣದ ಜ್ಯಾಕ್ ನಿಲ್ಲಿಸಿದ ಮೇಲೆಯೇ ಹೊರಬದಿಯ ಮರಕ್ಕೆ ಕೈಹಾಕಿದ್ದು. ಅಲ್ಲಿ ಹೊಸದನ್ನು ಕೂರಿಸಿ, ಮೇಲಿನ ಸಂದಿಗೆ ಕಲ್ಲಿನ ಚೂರು ಮತ್ತು ಗಟ್ಟಿ ಗಾರೆ ಬಿಗಿಯಾಗಿ ತುಂಬಿ, ಅದು ಒಣಗಿದ ನಂತರ ಒಳಬದಿ. ಲಿಂಟಲ್‌ನ ಪ್ರತಿ ತುದಿ ಗೋಡೆಯ ಮೇಲೆ ಆರಿಂಚು ಕೂತರೆ ಸಾಕು ಎಂದು ಮೇಸ್ತ್ರಿಯ ವಾದ. ಹಳೆಯ ಚಿರೆಕಲ್ಲು ಮೆತ್ತಗಿತ್ತು. ನಾನು ಎಂಟಕ್ಕೆ ಪಟ್ಟು ಹಿಡಿದೆ.

ಗೋಡೆ ಇನ್ನೂ ಸರಿಯುತ್ತಿದೆಯೇ ಎಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದೇನೆ. ಮಳೆಗಾಲ ಮುಗಿಯುವವರೆಗೆ ಅದು ಒಡೆಯದಿದ್ದರೆ ಸುಣ್ಣದ ಗಾರೆ ಮಾಡಿಸುತ್ತೇನೆ. ಸಿಮೆಂಟ್ ಗಾರೆ ಈ ಗೋಡೆಯ ತೇವವನ್ನು ಒಳಗೇ ಕೂಡಿಹಾಕುತ್ತದೆ, ಅದು ಬೇಡ.