ಹೀಬ್ರೂ ಬಹುವಚನ: ಪ್ರತ್ಯಯ ನೋಡಿ ಲಿಂಗವನ್ನು ಹೇಳಬಹುದೇ?

ಪ್ರಶ್ನೆ (ಧಾರವಾಡ):
ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು ಈಚೆಗೆ ಹೀಬ್ರೂ ವ್ಯಾಕರಣವನ್ನು ಓದತೊಡಗಿದ್ದೇನೆ. ಬಹುವಚನದಲ್ಲಿ ಪುಲ್ಲಿಂಗಕ್ಕೆ ‘ಈಮ್’, ಸ್ತ್ರೀಲಿಂಗಕ್ಕೆ ‘ಓತ್’ ಎಂಬ ನಿಯಮವಿರುವಾಗ, ತಂದೆ ಎಂಬರ್ಥದ ‘ಆವ್’ ಶಬ್ದವು ‘ಆವೋತ್’ ಆಗುತ್ತದೆ. ಹಾಗಾದರೆ ಪ್ರತ್ಯಯವನ್ನು ನಂಬಿ ಲಿಂಗವನ್ನು ನಿರ್ಧರಿಸಬಹುದೇ?

ಉತ್ತರ (ಹುಬ್ಬಳ್ಳಿ):
ನಿರ್ಧರಿಸಲಾಗದು, ಮೇಡಂ. ಲಿಂಗವು ಶಬ್ದಕ್ಕೆ ಸೇರಿದ್ದೇ ಹೊರತು ಪ್ರತ್ಯಯಕ್ಕಲ್ಲ. ವರ್ಷ ಎಂಬರ್ಥದ ‘ಶಾನಾ’ ಸ್ತ್ರೀಲಿಂಗವಾಗಿದ್ದರೂ ಬಹುವಚನದಲ್ಲಿ ‘ಶಾನೀಮ್’ ಆಗುತ್ತದೆ. ಆದರೆ ಅದರ ವಿಶೇಷಣ ಸ್ತ್ರೀಲಿಂಗವನ್ನು ಬಿಟ್ಟುಕೊಡದೆ, ಒಳ್ಳೆಯ ವರ್ಷಗಳು ಎನ್ನುವಾಗ ‘ಶಾನೀಮ್ ತೋವೋತ್’ ಎಂದೇ ಬರುತ್ತದೆ. ನಿಜವಾದ ಸಾಕ್ಷಿ ವಿಶೇಷಣವೇ. ಇಂಗ್ಲಿಷಿನ ‘ಎಸ್’ಗೆ ಲಿಂಗದ ಗೊಡವೆಯಿಲ್ಲ, ಅದು ಹಿಂದಿನ ಧ್ವನಿಯನ್ನಷ್ಟೇ ಅನುಸರಿಸಿ ‘ಕ್ಯಾಟ್ಸ್’ನಲ್ಲಿ ಅಘೋಷವಾಗಿ (ಕಂಠದ ಕಂಪನವಿಲ್ಲದೆ), ‘ಡಾಗ್ಸ್’ನಲ್ಲಿ ಘೋಷವಾಗಿ (ಕಂಪನದೊಡನೆ) ಉಚ್ಚಾರಗೊಳ್ಳುತ್ತದೆ.

ಉತ್ತರ (ಗದಗ):
ದ್ವಿವಚನವನ್ನೂ ಗಮನಿಸಿರಿ, ಅದು ಬಹಳ ಸೊಗಸಾದ ಭಾಗ. ‘ಯೋಮ್’ ಎಂದರೆ ದಿನ, ‘ಯೋಮಾಯಿಮ್’ ಎಂದರೆ ಎರಡು ದಿನ, ‘ಯಾಮೀಮ್’ ಎಂದರೆ ಹಲವು ದಿನ. ಸಂಸ್ಕೃತದಲ್ಲಿ ಎಲ್ಲ ನಾಮಪದಗಳಿಗೂ ಇರುವ ಈ ದ್ವಿವಚನ ರೂಪ ಹೀಬ್ರೂವಿನಲ್ಲಿ ಹೆಚ್ಚಾಗಿ ಕಣ್ಣು, ಕೈಗಳಂಥ ಜೋಡಿ ಅಂಗಗಳಿಗೂ ಕಾಲಮಾನಕ್ಕೂ ಸೀಮಿತವಾಗಿದೆ. ಇನ್ನು ದೇವರು ಎಂಬರ್ಥದ ‘ಎಲೋಹೀಮ್’ ರೂಪದಲ್ಲಿ ಬಹುವಚನವಾದರೂ, ಏಕದೇವನನ್ನು ಸೂಚಿಸುವಾಗ ಸಾಮಾನ್ಯವಾಗಿ ಏಕವಚನದ ಕ್ರಿಯಾಪದವನ್ನೇ ಪಡೆಯುತ್ತದೆ. ನಮ್ಮ ‘ದೇವರು’ ಶಬ್ದದ ‘ರು’ ಗೌರವವನ್ನು ಸೂಚಿಸುವುದನ್ನು ಬಲ್ಲ ನಮಗೆ ಇದು ಅಪರಿಚಿತವೆನಿಸದು. 1611ರ ಇಂಗ್ಲಿಷ್ ಬೈಬಲ್ ಅನುವಾದಕರು ರೆಕ್ಕೆಯುಳ್ಳ ದಿವ್ಯಜೀವಿಗಳನ್ನು ಹೇಳುವ ‘ಚೆರುಬಿಮ್’ ಎಂಬ ಹೀಬ್ರೂ ಬಹುವಚನಕ್ಕೆ ಮತ್ತೊಂದು ‘ಎಸ್’ ಸೇರಿಸಿ ‘ಚೆರುಬಿಮ್ಸ್’ ಎಂದು ಬರೆದರು.

ಧಾರವಾಡದಿಂದ ಮತ್ತೆ:
ಇಬ್ಬರಿಗೂ ಧನ್ಯವಾದಗಳು, ಸರ್. ಇನ್ನು ಮುಂದೆ ಪ್ರತಿ ನಾಮಪದವನ್ನೂ ಒಂದು ವಿಶೇಷಣದೊಂದಿಗೇ ಬರೆದುಕೊಳ್ಳುತ್ತೇನೆ.