1968ರ ಡ್ರೈವರು ಮತ್ತು ಗುಂಡನ ಕ್ಲೀನಿಂಗು

ರಾತ್ರಿ ಹತ್ತೂವರೆಗೆ ಗುಂಡ ಗ್ರೂಪ್ ಕಾಲ್ ಹಾಕಿ ಸ್ಕ್ರೀನ್ ಶೇರ್ ಮಾಡಿದ. ಜಾಗ ತುಂಬಿ ಸಿ ಡ್ರೈವ್ ಕೆಂಪಗಾಗಿತ್ತು, ಗುಂಡನ ಮುಖಾನೂ ಹೆಚ್ಚುಕಮ್ಮಿ ಅದೇ ಬಣ್ಣಕ್ಕೆ ಬಂದಿತ್ತು.

"ಇವತ್ತು ಬೇಡದ್ದೆಲ್ಲ ಕಿತ್ತು ಬಿಸಾಕ್ತೀನಿ ಕಣ್ರೋ, ನೀವಿಬ್ರೂ ಸಾಕ್ಷಿಗಿರಿ."

"ಸಾಕ್ಷಿ ಯಾಕೋ, ಪಂಚನಾಮೆಗಾ?" ಅಂದ ಕಿಟ್ಟಿ.

ಇನ್‌ಸ್ಟಾಲ್ ಆಗಿರೋದ್ರ ಲಿಸ್ಟ್ ತೆಗೆದ. ಬೇರೆ ಪ್ರೋಗ್ರಾಂಗಳು ಓಡೋಕೆ ಬೇಕಾದ ಮೈಕ್ರೋಸಾಫ್ಟಿನ ಫೈಲುಗಳ ಕಟ್ಟು, ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್, 2005, 2008, 2010, 2012, 2013, 2022 ಅಂತ ಸಾಲಾಗಿ ನಿಂತಿದೆ, ಅದ್ರಲ್ಲೂ ಒಂದೊಂದು ಎರಡೆರಡು ಸಲ. "ನೋಡ್ರಪ್ಪಾ, ಒಂದೇ ಮನೇಲಿ ಹನ್ನೆರಡು ಮನೆ ಅಳಿಯಂದ್ರು! 2022 ಒಬ್ಬನ್ನ ಇಟ್ಕೊಂಡು ಮಿಕ್ಕೋರ್ನೆಲ್ಲ ಹೊರಗೆ ಹಾಕ್ತೀನಿ."

"ಮುಟ್ಟಬೇಡ" ಅಂದೆ. 2010ರದ್ದನ್ನ ನಂಬ್ಕೊಂಡು ಬರೆದ ಪ್ರೋಗ್ರಾಂ 2010ರದ್ದನ್ನೇ ಕೇಳುತ್ತೆ, 2022 ಬಂದು ನಾನಿದೀನಲ್ಲ ಅಂದ್ರೆ ಒಪ್ಪಲ್ಲ, 2015ರಿಂದ ಈಚೆಗಿನವು ಮಾತ್ರ ಒಂದ್ರಲ್ಲೇ ಸೇರ್ಕೊಂಡಿರೋದು. ಎರಡೆರಡು ಕಾಣೋದು 32 ಬಿಟ್‌ಗೊಂದು, 64 ಬಿಟ್‌ಗೊಂದು ಅಂತ, ಎರಡೂ ಬೇಕು. ಎಲ್ಲಾ ಕಿತ್ತು ಗುಡಿಸಿದ್ರೂ ಫೋನಲ್ಲಿ ತೆಗೆದ ಒಂದು ವಿಡಿಯೋದಷ್ಟು ಜಾಗ ಸಿಗುತ್ತೆ, ಆಮೇಲೆ ಯಾವ್ದೋ ಪ್ರೋಗ್ರಾಂ ತೆಗೆದ್ರೆ ಇಂಥಾ ಡಿಎಲ್‌ಎಲ್ ಫೈಲ್ ಕಾಣಿಸ್ತಿಲ್ಲ ಅಂತ ಮುಷ್ಕರ ಕೂರುತ್ತೆ.

ಗುಂಡ ಗೊಣಗ್ಕೊಂಡು, ಕಂಪ್ಯೂಟರಿನ ಭಾಗಗಳ ಪಟ್ಟಿ ಇರೋ ಡಿವೈಸ್ ಮ್ಯಾನೇಜರ್‌ಗೆ ಹೋದ. ಸಿಸ್ಟಮ್ ಡಿವೈಸಸ್ ಬಿಚ್ಚಿ ಯಾವ್ದೋ ಇಂಟೆಲ್ ಚಿಪ್‌ಸೆಟ್ ಐಟಂ ಮೇಲೆ ಡಬಲ್ ಕ್ಲಿಕ್ ಮಾಡಿ ಡ್ರೈವರ್ (ಆ ಭಾಗಕ್ಕೂ ವಿಂಡೋಸಿಗೂ ನಡುವಿನ ದುಭಾಷಿ ಸಾಫ್ಟ್‌ವೇರು) ಟ್ಯಾಬ್ ನೋಡಿದೋನು ಕುರ್ಚಿಯಿಂದ ಎದ್ದೇಬಿಟ್ಟ. "ಲೋ! ಡ್ರೈವರ್ ಡೇಟ್ 18 ಜುಲೈ 1968! ನಮ್ಮಪ್ಪಂಗೆ ಆಗಿನ್ನೂ ಮೀಸೆ ಬಂದಿರ್ಲಿಲ್ಲ ಕಣ್ರೋ, ಅಷ್ಟು ಹಳೇದನ್ನ ಇಟ್ಕೊಂಡು ನಾನು ಕೆಲ್ಸ ಮಾಡ್ತಿದೀನಾ?"

ಕಿಟ್ಟಿ ಕಾಯ್ತಾ ಇದ್ದ ಅನ್ಸುತ್ತೆ. "ಗುರು, ಮೌಸ್ ಕಂಡುಹಿಡಿದ ಎಂಗೆಲ್‌ಬಾರ್ಟ್ ಅದನ್ನ ವೇದಿಕೆ ಮೇಲೆ ಜನಕ್ಕೆ ತೋರಿಸಿದ್ದೇ ಆ ವರ್ಷ ಡಿಸೆಂಬರಲ್ಲಿ. ನಿನ್ನ ಡ್ರೈವರು ಅದಕ್ಕೂ ಮುಂಚೆ ಹುಟ್ಟಿ ಕ್ಲಿಕ್ ಮಾಡೋರಿಗೆ ಕಾಯ್ತಾ ಕೂತಿತ್ತಾ?"

ವಿಷ್ಯ ಏನಂದ್ರೆ ಅದು ಇಂಟೆಲ್ ಕಂಪನಿ ಶುರುವಾದ ದಿನ, ಬೇಕಂತ್ಲೇ ಹಾಕಿರೋದು. ಒಂದೇ ಡಿವೈಸ್‌ಗೆ ಎರಡು ಡ್ರೈವರ್ ಸಮ ಸಮ ಹೊಂದಿದ್ರೆ ವಿಂಡೋಸು ಡೇಟ್ ನೋಡಿ ಹೊಸದನ್ನ ಆರಿಸ್ಕೊಳುತ್ತೆ, ಹಾಗಾಗಿ ಅಷ್ಟು ಹಿಂದಿನ ಡೇಟ್ ಹಾಕಿದ್ರೆ ಬೇರೆ ಯಾರಾದ್ರೂ ಆ ಡಿವೈಸ್‌ಗೇ ಅಂತ ಮಾಡಿದ ಡ್ರೈವರ್ ಇದ್ರೆ ಅದಕ್ಕೆ ದಾರಿ ಬಿಟ್ಟ ಹಾಗಾಗುತ್ತೆ, ಬಾಗಿಲಲ್ಲಿ ನಿಂತು ನೀವು ಮೊದ್ಲು ಹೋಗಿ ಅನ್ನೋ ದೊಡ್ಮನುಷ್ಯರ ಥರ. ಮೈಕ್ರೋಸಾಫ್ಟಿನೋರ ಸ್ವಂತ ಡ್ರೈವರ್‌ಗಳ ಮೇಲೂ 21 ಜೂನ್ 2006 ಅಂತ ಇರುತ್ತೆ, ಅದೂ ಇದೇ ಲೆಕ್ಕ. ಡೇಟ್ ನೋಡಿ ಡ್ರೈವರ್ ಕೀಳೋದು ಅಂದ್ರೆ ನರೆ ಕೂದಲು ನೋಡಿ ಡಾಕ್ಟರನ್ನ ಓಡಿಸಿದ ಹಾಗೆ.

"ಸರಿ, ಈ ಮಸುಕಾಗಿರೋವು?" ವ್ಯೂನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿದ್ದ. ಯಾವ ಕಾಲಕ್ಕೋ ಚುಚ್ಚಿದ ಪೆನ್‌ಡ್ರೈವು, ಕಳೆದುಹೋದ ಹೆಡ್‌ಫೋನು, ಹಳೇ ಮಾನಿಟರು, ಎಲ್ಲಾ ದೆವ್ವದ ಹಾಗೆ ಬೂದು ಬಣ್ಣದಲ್ಲಿ. ಈಗ ಚುಚ್ಚಿಲ್ಲ ಅನ್ನೋದಷ್ಟೇ ಅದರರ್ಥ. ಪೆನ್‌ಡ್ರೈವ್ ಥರದ್ದನ್ನ ತೆಗೆದ್ರೆ ನಷ್ಟ ಇಲ್ಲ, ಮತ್ತೆ ಚುಚ್ಚಿದ್ರೆ ತಾನೇ ಬರುತ್ತೆ, ಆದ್ರೆ ತೆಗೆದ್ರೆ ಜಾಗಾನೂ ಉಳಿಯಲ್ಲ.

ಅಲ್ಲಿಗೆ ಕಿಟ್ಟಿ ತನ್ನ ಸಾಹಸ ಬಿಚ್ಚಿದ. "ಯುಎಸ್‌ಬಿ ಹೋಸ್ಟ್ ಕಂಟ್ರೋಲರ್ ಅಂತ ಎರಡು ಕಾಣ್ತು, ಒಂದು ಸಾಕಲ್ವಾ ಅಂತ ಅನ್‌ಇನ್‌ಸ್ಟಾಲ್ ಕೊಟ್ಟೆ. ಮೌಸಿನ ಕೆಂಪು ದೀಪ ಆರಿತು. ಕೀಬೋರ್ಡೂ ಹೋಯ್ತು. ಸ್ಕ್ರೀನ್ ಮೇಲೆ ಮಾತ್ರ ರೀಸ್ಟಾರ್ಟ್ ಮಾಡ್ಲಾ, ಯೆಸ್ಸಾ ನೋನಾ ಅಂತ ಕೇಳ್ತಾ ಕೂತಿದೆ. ಯಾವುದ್ರಲ್ಲಿ ಒತ್ಲಿ ಮಾರಾಯ? ಹತ್ತು ನಿಮಿಷ ಇಬ್ರೂ ಒಬ್ರ ಮುಖ ಒಬ್ರು ನೋಡ್ಕೊಂಡ್ವಿ. ಕೊನೆಗೆ ಪವರ್ ಬಟನ್ ಹಿಡಿದು ಆಫ್ ಮಾಡಿ ಆನ್ ಮಾಡಿದೆ, ಏನೂ ಆಗೇ ಇಲ್ಲ ಅನ್ನೋ ಥರ ಎಲ್ಲಾ ವಾಪಸ್ ಬಂತು."

"ಹಾಗಾದ್ರೆ ಜಾಗ ತಿಂದಿರೋದು ಯಾರು?" ಗುಂಡ ಈಗ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ಗೇ ನುಗ್ಗಿದ, ಒಳಗೆ ಅಡಗಿಸಿಟ್ಟ ಇನ್‌ಸ್ಟಾಲರ್ ಫೋಲ್ಡರ್ ಸಿಕ್ತು, ಕಂಟ್ರೋಲ್ ಎ ಒತ್ತಿಯೂಬಿಟ್ಟ. ನಾವಿಬ್ರೂ ಒಟ್ಟಿಗೆ ಕಿರುಚಿದ್ವಿ. ನಾಳೆ ಯಾವ್ದಾದ್ರೂ ಸಾಫ್ಟ್‌ವೇರ್ ಅಪ್‌ಡೇಟ್ ಮಾಡ್ಬೇಕು, ರಿಪೇರಿ ಮಾಡ್ಬೇಕು, ಕಡೆಗೆ ಅನ್‌ಇನ್‌ಸ್ಟಾಲ್ ಮಾಡ್ಬೇಕು ಅಂದ್ರೂ ಆ ಫೈಲೇ ಬೇಕು ಕಣೋ, ಕೀಳೋದಕ್ಕೂ ಅದು ಇರ್ಬೇಕು. ವಿಂಡೋಸಿನ ಸೆಟ್ಟಿಂಗ್ಸ್ ದಾಖಲೆ ಗುಡಿಸೋ ರಿಜಿಸ್ಟ್ರಿ ಕ್ಲೀನರ್ ಹಾಕ್ಲಾ ಅಂದ, ಅದಕ್ಕೆ ಉತ್ತರ ಕೊಡೋ ತಾಳ್ಮೆ ನಂಗಿರ್ಲಿಲ್ಲ, ಕಿಟ್ಟಿ ಹಾಕ್ಬೇಡ ಅಂತಷ್ಟೇ ಅಂದ.

ಅಸಲಿ ಕಳ್ಳ, ವಿಂಡೋಸು ಡ್ರೈವರ್‌ಗಳ ಕಾಪಿ ಇಟ್ಕೊಳೋ ಡ್ರೈವರ್‌ಸ್ಟೋರ್ ಫೋಲ್ಡರಲ್ಲಿದ್ದ. ಗ್ರಾಫಿಕ್ಸ್ ಡ್ರೈವರ್ ಒಂದೊಂದ್ಸಲ ಅಪ್‌ಡೇಟ್ ಆದಾಗ್ಲೂ ಹಳೇದೂ ಅಲ್ಲೇ ಉಳ್ಕೊಂಡಿರ್ಬಹುದು, ಒಂದೊಂದು ಜಿಬಿ ಲೆಕ್ಕದಲ್ಲಿ. ಅದನ್ನ ಕೈಯಲ್ಲಿ ಡಿಲೀಟ್ ಮಾಡೋ ಹಾಗಿಲ್ಲ. ಡಿಸ್ಕ್ ಕ್ಲೀನಪ್ ತೆಗೆದು ಕ್ಲೀನಪ್ ಸಿಸ್ಟಮ್ ಫೈಲ್ಸ್ ಒತ್ತಿ ಡಿವೈಸ್ ಡ್ರೈವರ್ ಪ್ಯಾಕೇಜಸ್‌ಗೆ ಟಿಕ್ ಹಾಕಿದ್ರೆ ಹಳೇವನ್ನ ಅದೇ ನೋಡಿ ತೆಗೆಯುತ್ತೆ. ಕಮಾಂಡಲ್ಲೇ ಮಾಡ್ತೀನಿ ಅನ್ನೋರಿಗೆ ಪಿಎನ್‌ಪಿಯುಟಿಲ್ ಇದೆ, ಯಾವ್ದಾದ್ರೂ ಡಿವೈಸು ಆ ಡ್ರೈವರ್ ಬಳಸ್ತಿದ್ರೆ ಅದು ಆಗಲ್ಲ ಹೋಗೋ ಅನ್ನುತ್ತೆ, ಫೋರ್ಸ್ ಅಂತ ಸೇರಿಸದೇ ಇದ್ರೆ. ಗುಂಡಂಗೆ ಪಿಎನ್‌ಪಿಯುಟಿಲ್ ಹೇಳಿಕೊಟ್ಟೆ, ಫೋರ್ಸ್ ಹೇಳಿಕೊಡ್ಲಿಲ್ಲ. ಆದ್ರೆ ಎಡವಟ್ಟಾದ್ರೆ ಹಿಂದಿನ ಸ್ಥಿತಿಗೆ ಮರಳೋಕೆ ಒಂದು ರೀಸ್ಟೋರ್ ಪಾಯಿಂಟ್ ಮಾಡಿಸಿ, ಹಳೇದು ಹೋದ್ಮೇಲೆ ಹಳೇ ಡ್ರೈವರ್‌ಗೆ ರೋಲ್ ಬ್ಯಾಕ್ ಇರಲ್ಲ, ಈಗಿರೋ ಡಿಸ್‌ಪ್ಲೇ ನೆಟ್ಟಗಿದೆ ತಾನೇ ಅಂತ ಮೂರು ಸಲ ಕೇಳಿದೆ.

ಅರ್ಧ ಗಂಟೇಲಿ ಕೆಂಪು ಹೋಗಿ ನೀಲಿ ಬಂತು. ಗೆದ್ದ ಹುಮ್ಮಸ್ಸಲ್ಲಿ ಗುಂಡ, ಪ್ರಿಂಟಿಗೂ ಸ್ಕ್ಯಾನಿಗೂ ಅಂತ ಇದ್ದ ಪ್ರಿಂಟರ್ ಸಾಫ್ಟ್‌ವೇರೂ ಕಿತ್ತ. ಆ ಪ್ರಿಂಟರ್ ಮೂರು ವರ್ಷದ ಹಿಂದೆ ಅವನ ಭಾವ ಎರಡು ದಿನಕ್ಕೆ ಅಂತ ಒಯ್ದಿದ್ದು, ಇದಕ್ಕೆ ಮಾತ್ರ ನಾವಿಬ್ರೂ ಬೇಡ ಅನ್ಲಿಲ್ಲ. ಡ್ರೈವರ್ ಇನ್ ಯೂಸ್ ಅಂತ ಹಠ ಹಿಡೀತು, ಯಾರು ಯೂಸ್ ಮಾಡ್ತಿರೋದು ಭಾವನಾ ಅಂದ ಕಿಟ್ಟಿ. ಪ್ರಿಂಟ್ ಕೆಲ್ಸಗಳನ್ನ ಸಾಲಲ್ಲಿ ನಿಲ್ಲಿಸೋ ಪ್ರಿಂಟ್ ಸ್ಪೂಲರ್ ಅದನ್ನ ಹಿಡ್ಕೊಂಡು ಕೂತಿತ್ತು, ಸರ್ವೀಸ್ ನಿಲ್ಲಿಸಿ ಶುರು ಮಾಡಿದ ತಕ್ಷಣ ತೆಗೆದ್ವಿ.

ಭಾನುವಾರ ಬೆಳಗ್ಗೆ ಗುಂಡನ ಫೋನು. ದನಿ ತಗ್ಗಿಸಿ ಮಾತಾಡ್ತಿದ್ದ.

"ಭಾವ ಬಂದಿದಾರೆ ಕಣೋ. ಪ್ರಿಂಟರ್ ತಂದಿದಾರೆ."

"ಚುಚ್ಚಿ ನೋಡು, ವಿಂಡೋಸೇ ಡ್ರೈವರ್ ಹುಡುಕ್ಕೊಳುತ್ತೆ."

"ಹುಡುಕ್ಕೊಂಡ್ತು, ಪ್ರಿಂಟೂ ಬಂತು. ಭಾವಂಗೆ ಬೇಕಾಗಿರೋದು ಸ್ಕ್ಯಾನು."